ಕರಿಯಮ್ಮನ ಪದದ ಮುಂದಿನ ಒಂಬತ್ತು ಹೆಸರು

ನನ್ನ ಹತ್ತಿರ ಹಾರ್ಮೋನಿಯಂ ಕಲಿಯಲು ಬರುವ ಹುಡುಗ ಹುಡುಗಿಯರು ಎರಡನೆಯ ವಾರಕ್ಕೇ ಪ್ರಶ್ನೆ ಎತ್ತುತ್ತಾರೆ. ಜಾನಪದ ತಂಡಕ್ಕೆ ಸೇರುವುದು ಹೇಗೆ, ವೇದಿಕೆ ಸಿಗುವುದು ಹೇಗೆ, ವಿದೇಶಕ್ಕೆ ಕಳಿಸುತ್ತಾರಂತಲ್ಲ ಅದಕ್ಕೆ ಯಾರನ್ನು ಹಿಡಿಯಬೇಕು. ಹಾಡನ್ನು ಎಲ್ಲಿಂದ ತರಬೇಕು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಯಾಕೆ ಕೇಳುತ್ತಾರೆ? ಅದು ಫೋನಿನಲ್ಲಿದೆಯಲ್ಲ, ಒತ್ತಿದರೆ ಬರುತ್ತದೆ. ಮೊದಮೊದಲು ಅವರ ಮೇಲೆ ರೇಗುತ್ತಿದ್ದೆ. ಆಮೇಲೆ ಅನ್ನಿಸಿತು, ಆ ಫೋನಿನೊಳಕ್ಕೆ ಹಾಡು ತುಂಬಿದ ಪುಣ್ಯಾತ್ಮರಲ್ಲಿ ನಾನೂ ಒಬ್ಬ, ಮಕ್ಕಳ ಮೇಲೆ ಯಾಕೆ ಹರಿಹಾಯಬೇಕು. ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಬರೆದಿಟ್ಟುಬಿಡುತ್ತೇನೆ. ಓದಿದ ಮೇಲೂ ತಂಡಕ್ಕೆ ಸೇರಬೇಕು ಅನ್ನಿಸಿದರೆ ಸೇರಲಿ.

ನಾನು ಹೊಳಲ್ಕೆರೆಯವನು. ನಮ್ಮಪ್ಪ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಅವನ ಪೆಟ್ಟಿಗೆ ನನಗೆ ಬಂತು, ಅವನ ಸಿಟ್ಟೂ ಬಂತು. ಮೂವತ್ತೆರಡು ವರ್ಷ ಚಿತ್ರದುರ್ಗದ ಒಂದು ಜಾನಪದ ತಂಡದಲ್ಲಿದ್ದೆ. ತಂಡದ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೆ ಪುಕ್ಕಟೆ ಪ್ರಚಾರ ಕೊಟ್ಟಂತಾಗುತ್ತದೆ. ತಂಡ ಕಟ್ಟಿದವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು, ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಮಾತು. ಹಳ್ಳಿಗಳಲ್ಲಿ ಸಾಯುತ್ತಿರುವ ಪದಗಳನ್ನು ಹುಡುಕಿ ತಂದು, ಹೊಸ ಜೀವ ಕೊಟ್ಟು, ವೇದಿಕೆಗೆ ಏರಿಸುವುದು ನಮ್ಮ ಕೆಲಸ ಎನ್ನುತ್ತಿದ್ದರು. ಕೇಳಿದವರಿಗೆ ರೋಮಾಂಚನವಾಗುತ್ತಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕೆಲಸದ ರೀತಿ ಹೀಗಿತ್ತು. ನಾನು ಟೇಪ್ ರೆಕಾರ್ಡರ್ ಹೊತ್ತು ಬಸ್ಸು ಹತ್ತಿ ಹಳ್ಳಿಗೆ ಹೋಗುವುದು, ಪದ ಹಾಡುವವರನ್ನು ಹುಡುಕುವುದು, ತುಂಬಿಕೊಂಡು ಬರುವುದು, ಮನೆಯಲ್ಲಿ ಕೂತು ಪುಸ್ತಕಕ್ಕೆ ಬರೆದುಕೊಳ್ಳುವುದು. ತಂಡದಲ್ಲಿ ಇದ್ದದ್ದೇ ನಾಲ್ಕು ಕ್ಯಾಸೆಟ್ಟು. ಬರೆದುಕೊಂಡಾದ ಮೇಲೆ ಅದನ್ನೇ ಅಳಿಸಿ ಮುಂದಿನ ಊರಿಗೆ ಒಯ್ಯುತ್ತಿದ್ದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಅದನ್ನು ಆಗ ಉಳಿತಾಯ ಎಂದುಕೊಂಡಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಮದಕರಿಪುರದಲ್ಲಿ ಆಯಿತು. ಅಲ್ಲಿ ಒಬ್ಬ ಹೆಂಗಸು ರಾಗಿ ಬೀಸುವ ಪದ ಹಾಡುತ್ತಿದ್ದಳು. ಹಾಡುತ್ತ ಹಾಡುತ್ತ ಶ್ರುತಿ ಸ್ವಲ್ಪಸ್ವಲ್ಪವೇ ಮೇಲೇರುತ್ತಿತ್ತು. ನಾನು ನಾಟಕದ ಪೆಟ್ಟಿಗೆಯವನ ಮಗ, ಪೆಟ್ಟಿಗೆಯ ಕಪ್ಪು ಒಂದು ಎಂಬ ಶ್ರುತಿಯಲ್ಲಿ ಹಿಡಿದ ಹಾಡು ಅದೇ ಕಪ್ಪು ಒಂದರಲ್ಲೇ ಮುಗಿಯಬೇಕು ಎಂದು ನಂಬಿದ್ದವನು. ನಡುವೆ ತಡೆದು, ಅಮ್ಮ ನೀನು ಶ್ರುತಿ ಬಿಡುತ್ತೀಯ ಎಂದು ಪೆಟ್ಟಿಗೆ ಒತ್ತಿ ತೋರಿಸಿದೆ. ಅವಳು ಒಮ್ಮೆ ಪೆಟ್ಟಿಗೆಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಎದ್ದು ಒಳಗೆ ಹೋದಳು. ಕಲ್ಲು ಸಲೀಸಾಗುತ್ತಿದ್ದಂತೆ ಕೈ ವೇಗವಾಗುತ್ತದೆ, ಕೈ ವೇಗವಾದಂತೆ ದನಿ ಏರುತ್ತದೆ, ಅದು ಬಿಟ್ಟ ಶ್ರುತಿಯಲ್ಲ, ಕೆಲಸದ ಶ್ರುತಿ ಎಂದು ನನಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ.

ಇನ್ನು ಅಧಿಕಾರಿಗಳ ಕಥೆ. ಹೊಸದುರ್ಗದಲ್ಲಿ ಒಂದು ಸರ್ಕಾರಿ ಸಮಾರಂಭ. ಪಟ್ಟಿಯಲ್ಲಿ ಕುರಿಗಾರರ ಪದ ಎಂದು ನೋಡಿದ ಸಾಹೇಬರೊಬ್ಬರು, ಹಾಡುವವಳ ತೋಳಲ್ಲಿ ಒಂದು ಕುರಿಮರಿ ಇರಲಿ, ಚೆನ್ನಾಗಿ ಕಾಣುತ್ತದೆ ಎಂದರು. ಮೇಷ್ಟ್ರು ಆಗಲಿ ಸಾರ್ ಎಂದರು. ಅವರು ಆಗಲಿ ಎನ್ನದ ಮಾತೇ ನಾನು ಕಂಡಿಲ್ಲ. ಯಾರದೋ ಮನೆಯಿಂದ ಮರಿ ತಂದೆವು. ಹಾಡು ಶುರುವಾಗುತ್ತಿದ್ದಂತೆ ಅದು ಮೈಕಿಗೆ ಬಾಯಿ ಕೊಟ್ಟು ತಾಯಿಯನ್ನು ಕರೆಯತೊಡಗಿತು. ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಪತ್ರಿಕೆಯಲ್ಲಿ ಮರಿಯ ಫೋಟೋ ಬಂತು. ಹಾಡಿದವಳ ಹೆಸರು ಬರಲಿಲ್ಲ. ನಾನೂ ನಕ್ಕವರ ಜೊತೆ ನಕ್ಕಿದ್ದೆ, ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಯಲ್ಲದಕೆರೆಯ ಕರಿಯಮ್ಮ ನನಗೆ ಸಿಕ್ಕಿದ್ದು ಆ ವರ್ಷವೇ. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹೋಗಿದ್ದೆ. ಆಕೆಗೆ ಆಗ ಐವತ್ತರ ಆಸುಪಾಸು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಮನೆತುಂಬ ಕುರಿ. ಆ ಮನೆಯ ಗಂಡಸರು ಬೇಸಿಗೆಗೆ ಮುಂಚೆ ಮಂದೆ ಹೊಡೆದುಕೊಂಡು ನೀರು, ಹಸಿರು ಇರುವ ಕಡೆ ಹೋಗಿ, ನಾಲ್ಕಾರು ತಿಂಗಳಾದ ಮೇಲೆ ಹಿಂದಿರುಗುತ್ತಿದ್ದರು. ಅವರು ಬರುವ ದಿನ ಹೆಂಗಸರು ಊರ ಹೊರಗೆ ನಿಂತು ಕುರಿಗಳನ್ನು ಎದುರುಗೊಳ್ಳುವ ಪದ ಹಾಡುತ್ತಿದ್ದರು. ನಾನು ಅಂಥ ಪದ ಎಲ್ಲಿಯೂ ಕೇಳಿರಲಿಲ್ಲ. ಅದಕ್ಕೆ ಇಷ್ಟೇ ಉದ್ದ ಎಂಬುದಿಲ್ಲ. ಕೊನೆಯ ಮರಿ ಕುರಿ ಕೂಡುವ ರೊಪ್ಪದ ಬೇಲಿ ದಾಟಿ ಒಳಗೆ ಬರುವ ತನಕ ಹಾಡಬೇಕು. ಮಂದೆ ಎಷ್ಟು ದೊಡ್ಡದೋ ಪದ ಅಷ್ಟು ದೊಡ್ಡದು.

ಪದಕ್ಕೆ ಮುಂಚೆ ಇನ್ನೊಂದು ಭಾಗವಿತ್ತು. ದೂರದಲ್ಲಿ ಧೂಳು ಕಂಡ ಕೂಡಲೇ ಹಾಡುವವಳು ತನಗೆ ಈ ಪದ ಕಲಿಸಿದವಳ ಹೆಸರು ಎತ್ತಬೇಕು, ಆಮೇಲೆ ಅವಳಿಗೆ ಕಲಿಸಿದವಳದು, ಆಮೇಲೆ ಅವಳಿಗೆ ಕಲಿಸಿದವಳದು. ಹೆಸರಿಗೆ ಒಂದು ಸಾಲು, ನಿಧಾನವಾದ ಧಾಟಿ. ಕುರಿಗಳ ಕೊರಳಿನ ಗಂಟೆ ಕಿವಿಗೆ ಬಿದ್ದ ಮೇಲೆ ಪದಕ್ಕೆ ಬರುವುದು. ಕರಿಯಮ್ಮ ಒಂಬತ್ತು ಹೆಸರು ಎತ್ತಿದಳು. ಎಲ್ಲವೂ ನನ್ನ ಟೇಪಿಗೆ ತುಂಬಿತು.

ಇದು ಹೆಂಗಸರ ಪದ, ಗಂಡಸರಿಗೆ ಕೊಡುವ ರೂಢಿ ಇಲ್ಲ. ಆದರೆ ಸೊಸೆಯರಿಗೆ ಆಗ ಇದರಲ್ಲಿ ಮನಸ್ಸಿರಲಿಲ್ಲ, ಸಿನಿಮಾ ಹಾಡು ಕೇಳುವ ವಯಸ್ಸು. ಪದ ತನ್ನಲ್ಲೇ ನಿಂತುಹೋಗುತ್ತದೆಂಬ ಭಯ ಕರಿಯಮ್ಮನಿಗಿತ್ತು. ನಾನು ಮೇಷ್ಟ್ರ ಮಾತುಗಳನ್ನೇ ಒಪ್ಪಿಸಿದೆ, ಉಳಿಸುತ್ತೇವೆ, ಬೆಳೆಸುತ್ತೇವೆ, ನಾಡಿಗೆಲ್ಲ ಕೇಳಿಸುತ್ತೇವೆ ಅಂತ. ಆಕೆ ತುಂಬ ಹೊತ್ತು ಯೋಚಿಸಿ, ಎದುರಿಗೆ ಕೂರಿಸಿಕೊಂಡು ನನ್ನಿಂದ ಹಾಡಿಸಿದಳು. ಒಂಬತ್ತು ಹೆಸರಿಗಿಂತ ಮುಂಚೆ ತನ್ನ ಹೆಸರನ್ನೂ ಸೇರಿಸಿ ಹಾಡಿಸಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಹೆಸರೆತ್ತದೆ ಪದ ಎತ್ಬ್ಯಾಡ ರುದ್ರಪ್ಪ. ನಮ್ಮ್ ತಾವ ಇರಾದು ಅದೊಂದೇಯ. ಒಡವೆ ಇಲ್ಲ, ಹೊಲ ಗಂಡಸ್ರ ಹೆಸ್ರಲ್ಲೈತೆ. ನಾವು ಇದ್ವಿ ಅಂತ ಹೇಳಾಕೆ ಆ ಪದ ಒಂದೈತೆ."

ಆಗಲಿ ಅಕ್ಕ ಎಂದೆ. ಮೇಷ್ಟ್ರ ಹತ್ತಿರ ಕಲಿತ ಮಾತು ಅದೊಂದು ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಚಿತ್ರದುರ್ಗದಲ್ಲಿ ನಮ್ಮ ತಾಲೀಮು ನಡೆಯುತ್ತಿದ್ದುದು ಒಂದು ಹಳೆಯ ಅಕ್ಕಿ ಮಂಡಿಯ ಮಾಳಿಗೆಯಲ್ಲಿ. ಪದ ಕೇಳಿ ಮೇಷ್ಟ್ರು ಕಣ್ಣರಳಿಸಿದರು. ಇದು ಹಿಟ್ ಆಗುತ್ತದೆ ಕಣಯ್ಯ, ಆದರೆ ನಾಲ್ಕು ನಿಮಿಷಕ್ಕೆ ಬರಬೇಕು, ಏನು ತೆಗೆಯುತ್ತೀಯ ನೋಡು ಎಂದರು. ಹೆಸರುಗಳನ್ನು ತೆಗೆ ಎಂದು ಅವರು ಹೇಳಲಿಲ್ಲ. ಇದನ್ನು ನ್ಯಾಯವಾಗಿ ಬರೆಯಬೇಕು. ತೆಗೆದವನು ನಾನು. ಒಂಬತ್ತು ಸಾಲು, ನಿಧಾನ ಧಾಟಿ, ಚಪ್ಪಾಳೆಗೆ ಒಗ್ಗುವುದಿಲ್ಲ, ಯಾರದೋ ಅಜ್ಜಿಯರ ಹೆಸರು ಹೊಸದುರ್ಗದ ಜನಕ್ಕೆ ಯಾಕೆ ಬೇಕು ಅನ್ನಿಸಿತು. ಅವುಗಳ ಜಾಗದಲ್ಲಿ ಹಾರ್ಮೋನಿಯಮ್ಮಿನ ಒಂದು ತುಂಡು ಕೂರಿಸಿದೆ. ಆ ತುಂಡು ನನ್ನದೇ, ಬಹಳ ಚೆನ್ನಾಗಿತ್ತು, ಜನ ಅದಕ್ಕೇ ಮೊದಲ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಪುಸ್ತಕದಲ್ಲಿ ಪದದ ಸಾಲುಗಳನ್ನೆಲ್ಲ ಬರೆದುಕೊಂಡು, ತಲೆಯ ಮೇಲೆ ಒಂದು ಟಿಪ್ಪಣಿ ಹಾಕಿದೆ: 'ಮೊದಲು ಒಂಬತ್ತು ಹೆಸರು. ಬೇಡ.' ಆ ವಾರವೇ ಟೇಪು ಅಳಿಸಿ ಇನ್ನೊಂದು ಊರಿಗೆ ಹೋದೆ.

ಪದ ಹಿಟ್ ಆಯಿತು. ಕ್ಯಾಸೆಟ್ ಬಂತು. ಮುಖಪುಟಕ್ಕೆ ಚಂದ್ರವಳ್ಳಿಯ ಬಂಡೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು, ಕಂಬಳಿ ಹೊದ್ದು, ಕೈಯಲ್ಲಿ ದೊಣ್ಣೆ ಹಿಡಿದು. ನಮ್ಮಲ್ಲಿ ಒಬ್ಬನೂ ಯಾವತ್ತೂ ಕುರಿ ಕಾದವನಲ್ಲ. ಒಳಗಿನ ಚೀಟಿಯಲ್ಲಿ ಸಂಗ್ರಹ ಎಂದು ಮೇಷ್ಟ್ರ ಹೆಸರು, ಸಂಗೀತ ಎಂದು ನನ್ನ ಹೆಸರು, ಸಾಹಿತ್ಯ ಎಂಬಲ್ಲಿ ಜನಪದ. ಈ ಜನಪದ ಎಂಬ ಮಹಾರಾಯ ಯಾರು ಸ್ವಾಮಿ? ಇಷ್ಟು ವರ್ಷ ಊರೂರು ಅಲೆದ ನಾನು ಒಂದು ದಿನವೂ ಅವನನ್ನು ಭೇಟಿಯಾಗಲಿಲ್ಲ. ಭೇಟಿಯಾದವರಿಗೆಲ್ಲ ಹೆಸರಿತ್ತು, ಊರಿತ್ತು, ಕೂರಲು ಚಾಪೆ ಹಾಸಿ ಮಜ್ಜಿಗೆ ಕೊಟ್ಟ ಕೈ ಇತ್ತು.

ಆಮೇಲೆ ಕೆಲಸದ ರೀತಿ ಬದಲಾಗುತ್ತ ಹೋಯಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು. ಉರುಮೆ ಬಾರಿಸುವವನನ್ನು ಬಿಟ್ಟು ಎಲೆಕ್ಟ್ರಾನಿಕ್ ಪ್ಯಾಡ್ ತಂದರು, ಪ್ಯಾಡಿನವನನ್ನೂ ಬಿಟ್ಟು ಕೀಬೋರ್ಡಿಗೆ ಬಂದರು. ಕೊನೆಗೆ ಟ್ರ್ಯಾಕ್. ಟ್ರ್ಯಾಕ್ ಎಂದರೆ ಗೊತ್ತಲ್ಲ, ಎಲ್ಲವನ್ನೂ ಮೊದಲೇ ಸ್ಟುಡಿಯೋದಲ್ಲಿ ತುಂಬಿಸಿಟ್ಟು, ವೇದಿಕೆಯಲ್ಲಿ ಅದನ್ನು ಹಾಕಿ ಬಾಯಿ ಆಡಿಸುವುದು. ನನ್ನ ಹಾರ್ಮೋನಿಯಮ್ಮಿಗೆ ಮೈಕೇ ಇರುತ್ತಿರಲಿಲ್ಲ, ಆದರೂ ತಿದಿ ಒತ್ತುತ್ತ ತಲೆ ಆಡಿಸುತ್ತಿದ್ದೆ. ಒಮ್ಮೆ ಕರೆಂಟು ಹೋದಾಗ ಹನ್ನೆರಡು ಜನ ಕಲಾವಿದರು ಬಾಯಿ ತೆರೆದುಕೊಂಡು ನಿಂತಿದ್ದೆವು, ಒಂದು ದನಿಯೂ ಹೊರಡಲಿಲ್ಲ. ಹೊಸದು ಮಾಡಬೇಡಿ ಎಂದು ನಾನು ಹೇಳುವವನಲ್ಲ. ಹೊಸದು ಮಾಡದ ಪದ ಯಾವುದಿದೆ? ಕರಿಯಮ್ಮ ಕೂಡ ತನ್ನ ಮನೆಯ ಕರೀ ಟಗರಿನ ಬಗ್ಗೆ ಎರಡು ಸಾಲು ತಾನೇ ಕಟ್ಟಿ ಸೇರಿಸಿದ್ದಳು. ಆದರೆ ಕಟ್ಟಿದ್ದನ್ನು ನಾನು ಕಟ್ಟಿದ್ದು ಎನ್ನುತ್ತಿದ್ದಳು, ಇಸಿದುಕೊಂಡದ್ದನ್ನು ಇಸಿದುಕೊಂಡದ್ದು ಎನ್ನುತ್ತಿದ್ದಳು. ನಮಗೆ ಆ ಸಣ್ಣ ಮರ್ಯಾದೆಯೂ ಇರಲಿಲ್ಲ.

ಈಗ ಬರೆಯಲು ಕೈ ಹಿಂಜರಿಯುವ ಭಾಗಕ್ಕೆ ಬಂದೆ.

ಪದದ ಕ್ಯಾಸೆಟ್ ಬಂದು ಕೆಲವು ವರ್ಷಗಳಾದ ಮೇಲೆ ಕಲಾವಿದರಿಗೆ ಗುರುತಿನ ಚೀಟಿ ಕೊಡುವ ಒಂದು ಆಯ್ಕೆ ನಡೆಯಿತು. ಯಾರು ನಡೆಸಿದರು, ಎಲ್ಲಿ ನಡೆಯಿತು ಎಂಬುದೆಲ್ಲ ಬೇಡ. ಚೀಟಿ ಇದ್ದವರಿಗೆ ಮಾತ್ರ ತಮ್ಮದೇ ತಂಡ ಕಟ್ಟಿಕೊಂಡು ಉತ್ಸವಗಳಲ್ಲಿ ಹಾಡಲು ಅವಕಾಶ. ಆಯ್ಕೆ ಮಾಡುವವರು ಮೂವರು. ಒಬ್ಬರು ಕೋಟು ಹಾಕಿಕೊಂಡ ಅಧ್ಯಕ್ಷರು, ಇನ್ನೊಬ್ಬರು ನಮ್ಮ ಮೇಷ್ಟ್ರು, ಮೂರನೆಯವನು ನಾನು. ಬೆಳಗಿನಿಂದ ನಲವತ್ತು ಜನರನ್ನು ಕೇಳಿ ಕಾಫಿ ಕುಡಿದು ಕೂತಿದ್ದಾಗ ಕರಿಯಮ್ಮ ಒಳಗೆ ಬಂದಳು. ಜೊತೆಯಲ್ಲಿ ಮೂವರು ಹೆಂಗಸರು. ಅವರಲ್ಲಿ ಒಬ್ಬಳು ಸೊಸೆ ಮಂಜಕ್ಕ, ಸಿನಿಮಾ ಹಾಡಿನ ವಯಸ್ಸು ದಾಟಿ ಅತ್ತೆಯ ಪದ ಕಲಿಯಲು ಈಗಷ್ಟೇ ಕೂತಿದ್ದವಳು. ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟು ಬಂದಿದ್ದರು. ನನ್ನನ್ನು ಕಂಡು ಕರಿಯಮ್ಮನ ಮುಖ ಅರಳಿತು, ನಮ್ಮವನೊಬ್ಬ ಅಲ್ಲಿ ಕೂತಿದ್ದಾನೆ ಎಂಬ ಧೈರ್ಯ.

ನಿಂತುಕೊಂಡು ಹೆಸರು ಎತ್ತಿದಳು. ಮೂರನೆಯ ಹೆಸರಿಗೇ ಅಧ್ಯಕ್ಷರು ಗಡಿಯಾರ ನೋಡಿ, ಅಜ್ಜಿ, ಈ ಪೀಠಿಕೆಯೆಲ್ಲ ಬೇಡ, ಹಾಡಿಗೆ ಬರ್ರಿ ಎಂದರು. ಆಕೆಗೆ ಅರ್ಥವಾಗಲಿಲ್ಲ. ಇದೂ ಪದವೇ ಸ್ವಾಮಿ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಅವರು ಮೇಜು ಕುಟ್ಟಿದರು. ಮಂಜಕ್ಕ ಅತ್ತೆಯ ಸೆರಗು ಎಳೆದಳು. ಕರಿಯಮ್ಮ ಗಂಟಲು ಸರಿಮಾಡಿಕೊಂಡು ನೇರ ಪದಕ್ಕೆ ಬಂದಳು. ಎರಡು ಸಾಲು ಆಗುವಷ್ಟರಲ್ಲಿ ಮೇಷ್ಟ್ರು ನಕ್ಕುಬಿಟ್ಟರು. ಇದು ನಮ್ಮ ಕ್ಯಾಸೆಟ್ಟಿನ ಹಾಡಲ್ಲವೇನಮ್ಮ, ಕೇಳಿ ಕಲಿತಿದ್ದೀಯ, ಪರವಾಗಿಲ್ಲ, ಚೆನ್ನಾಗೇ ಕಲಿತಿದ್ದೀಯ ಎಂದರು. ಅವರು ಬೇಕೆಂದೇ ಹೇಳಿದರೋ ನಿಜವಾಗಿ ಮರೆತಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಯಲ್ಲದಕೆರೆಗೆ ಕಾಲಿಟ್ಟವರೇ ಅಲ್ಲ. ಹೋದವನು ನಾನು.

ಕರಿಯಮ್ಮ ನನ್ನ ಕಡೆ ತಿರುಗಿದಳು. "ರುದ್ರಪ್ಪ, ನೀನೇ ಹೇಳಪ್ಪ."

ಒಂದು ಮಾತು. ಇದು ಈಕೆಯದು, ನಾನೇ ತಂದದ್ದು ಎಂದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಬಿದ್ದುಹೋಗಿತ್ತೆ? ಇಲ್ಲ, ಮುಂದಿನ ತಿಂಗಳು ದಿಲ್ಲಿಯಲ್ಲಿ ಕಾರ್ಯಕ್ರಮವಿತ್ತು, ಪಟ್ಟಿಯಲ್ಲಿ ಒಬ್ಬ ಹೆಚ್ಚಾಗಿದ್ದಾನೆ, ಯಾರನ್ನು ಬಿಡಲಿ ಎಂದು ಮೇಷ್ಟ್ರು ಆ ದಿನ ಬೆಳಿಗ್ಗೆಯಷ್ಟೇ ಹೇಳಿದ್ದರು. ನಾನು ದಿಲ್ಲಿ ನೋಡಿರಲಿಲ್ಲ. ತಲೆ ಬಗ್ಗಿಸಿ ಕಾಗದ ಓದುವವನ ಹಾಗೆ ಕೂತೆ. ಅಧ್ಯಕ್ಷರು 'ಅನುಕರಣೆ, ಸ್ವಂತ ಕಲೆಯಲ್ಲ' ಎಂದು ಬರೆದು ನನ್ನ ಕಡೆ ತಳ್ಳಿದರು. ಸಹಿ ಹಾಕಿದೆ. ತಾನು ಯಾರಿಂದ ಕಲಿತೆ ಎಂದು ಹೇಳಲು ಆ ಹೆಂಗಸಿನ ಬಳಿ ಒಂಬತ್ತು ಸಾಕ್ಷಿಗಳಿದ್ದರು, ಮೂರಕ್ಕೇ ಅವರ ಬಾಯಿ ಮುಚ್ಚಿಸಿದೆವು. ಥೂ ನಮ್ಮ ಜನ್ಮಕ್ಕೆ. ದಿಲ್ಲಿಗೆ ಹೋದೆ. ಅಲ್ಲಿ ನಮಗೆ ಕೊಟ್ಟದ್ದು ಮೂರು ನಿಮಿಷ, ನನ್ನ ಹಾರ್ಮೋನಿಯಂ ತುಂಡನ್ನೂ ಕತ್ತರಿಸಿದರು.

ಕಳೆದ ವರ್ಷ ಮೆಕ್ಸಿಕೊ ದೇಶದ ಒಂದು ತಂಡ ಚಿತ್ರದುರ್ಗಕ್ಕೆ ಬಂತು. ತಮ್ಮ ಸೀಮೆಯ ಹಳೆಯ ಹಾಡುಗಳನ್ನು ಹುಡುಕಿ ಹೊಸದಾಗಿ ಹಾಡುವವರಂತೆ, ಥೇಟ್ ನಮ್ಮ ಹಾಗೇ ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಒಂದು ಕಾಲೇಜಿನ ಸಭಾಂಗಣದಲ್ಲಿ ಮಧ್ಯಾಹ್ನ ಎರಡೂ ತಂಡಗಳ ಹಾಡು. ಅವರದು ಪುಟ್ಟ ಪುಟ್ಟ ಗಿಟಾರುಗಳು, ನಿಂತು ಮೀಟುವ ತಂತಿಯ ದೊಡ್ಡ ವಾದ್ಯ ಒಂದು, ಒಂದು ಡೋಲು. ನೆಲದ ಮೇಲೆ ಒಂದು ಮರದ ಹಲಗೆ, ಅದರ ಮೇಲೆ ಒಬ್ಬಳು ಹತ್ತಿ ಕಾಲಲ್ಲೇ ತಾಳ ಹಾಕುತ್ತಿದ್ದಳು. ಟ್ರ್ಯಾಕ್ ಇಲ್ಲ, ಏನಿಲ್ಲ. ಅವರ ಮುಖ್ಯ ಹಾಡುಗಾರ್ತಿ ಎಲೆನಾ ಎಂಬವಳು, ನಲವತ್ತರ ಹೆಂಗಸು. ಪ್ರತಿ ಹಾಡಿಗೆ ಮುಂಚೆ ಏನೋ ಹೇಳುತ್ತಿದ್ದಳು, ಅವರ ಜೊತೆ ಬಂದಿದ್ದ ಒಬ್ಬರು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಆಕೆ ಹೇಳುತ್ತಿದ್ದದ್ದು ಹೆಸರುಗಳು. ಈ ಹಾಡು ಇಂಥ ಊರಿನ ಮೀನು ಹಿಡಿಯುವ ಮುದುಕ ಕೊಟ್ಟದ್ದು, ಅವನಿಗೆ ಅವನ ಸೋದರತ್ತೆ ಕೊಟ್ಟದ್ದು. ಇದಕ್ಕೆ ಈ ಡೋಲು ನಾವು ಸೇರಿಸಿದ್ದು, ಕೇಳಿ ಮುದುಕ ಬೈದ, ಅದಕ್ಕೇ ಅರ್ಧ ನಮ್ಮ ಇಷ್ಟದಂತೆ, ಅರ್ಧ ಅವನ ಇಷ್ಟದಂತೆ ಹಾಡುತ್ತೇವೆ. ಜನ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಮೇಷ್ಟ್ರು, ಇವರದು ಹಾಡಿಗಿಂತ ಮಾತೇ ಜಾಸ್ತಿಯಾಯಿತು ಎಂದು ಗೊಣಗಿದರು.

ನಮ್ಮ ಸರದಿ ಬಂತು. ಅವರೆದುರು ಟ್ರ್ಯಾಕ್ ಹಾಕಲು ನಾಚಿಕೆಯಾಗಿ ಮೇಷ್ಟ್ರು ಅವತ್ತು ನಿಜವಾಗಿ ಹಾಡಿದರು, ನನ್ನ ಪೆಟ್ಟಿಗೆಗೂ ಬಹಳ ವರ್ಷಗಳ ಮೇಲೆ ಮೈಕು ಇಟ್ಟರು. ಕುರಿ ಎದುರುಗೊಳ್ಳುವ ಪದವನ್ನೇ ಹಾಡಿದೆವು. ಮುಗಿದಾಗ ಎಲೆನಾ ಎದ್ದು ಬಂದು ಮೇಷ್ಟ್ರ ಕೈ ಹಿಡಿದುಕೊಂಡು, ಈ ಹಾಡನ್ನು ನಿಮಗೆ ಯಾರು ಕೊಟ್ಟರು, ಅವರು ಇಲ್ಲಿ ಇದ್ದಾರೆಯೇ ಎಂದು ಕನ್ನಡ ಹೇಳುವವರ ಮೂಲಕ ಕೇಳಿದಳು.

"ಫೋಕ್ ಮೇಡಂ, ಫೋಕ್," ಎಂದರು ಮೇಷ್ಟ್ರು. "ನೋ ನೇಮ್."

ನಾನು ಯೋಚಿಸಿ ಮಾಡಿದ್ದಲ್ಲ. ಮೈಕನ್ನು ಬಾಯಿಗೆ ಎಳೆದುಕೊಂಡು ಹೇಳಿದೆ: "ಹೆಸರೈತೆ. ಯಲ್ಲದಕೆರೆ ಕರಿಯಮ್ಮ. ಬದುಕವ್ಳೆ. ಇಸ್ಕಂಡು ಬಂದೋನು ನಾನು, ಹೆಸರು ಅಳಿಸ್ದೋನೂ ನಾನೇ."

ಎಲೆನಾ ನನ್ನ ಹತ್ತಿರ ಬಂದಳು. ಆ ಕರಿಯಮ್ಮನಿಗೆ ಯಾರು ಕೊಟ್ಟರು ಎಂದು ಕೇಳಿದಳು. ಅವಳಿಗೆ ಅದು ಸಹಜವಾದ ಪ್ರಶ್ನೆ. ನಾನು ಬಾಯಿ ತೆರೆದೆ. ಒಂದು ಹೆಸರೂ ಬರಲಿಲ್ಲ. ಒಂದು ಕಾಲಕ್ಕೆ ಕರಿಯಮ್ಮನ ಎದುರು ಕೂತು ಹತ್ತೂ ಹೆಸರು ಹಾಡಿ ತೋರಿಸಿದ್ದವನು ನಾನು. ಒಂದೂ ಇಲ್ಲ.

ಪರದೆಯ ಹಿಂದೆ ಮೇಷ್ಟ್ರು, ನಿನಗೆ ವಯಸ್ಸಾಯಿತು ರುದ್ರಪ್ಪ, ಇನ್ನು ಮನೆಯಲ್ಲಿ ಆರಾಮಾಗಿ ಇರು ಎಂದರು. ನನ್ನ ನಿವೃತ್ತಿಯ ಆದೇಶ ಅದೇ. ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಇರಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಆ ವಾರವೇ ಯಲ್ಲದಕೆರೆಗೆ ಹೋದೆ. ಕರಿಯಮ್ಮ ರೊಪ್ಪದ ಪಕ್ಕದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂಜು. ದನಿಯಿಂದಲೇ ಗುರುತು ಹಿಡಿದು, ಬಂದ್ಯಾ, ಕುಂತ್ಕ ಅಂದಳು, ಅಷ್ಟೇ. ಮಂಜಕ್ಕ ಮಾತ್ರ ಮುಖ ಕೊಡಲಿಲ್ಲ, ಮಜ್ಜಿಗೆಯ ಲೋಟವನ್ನು ಕುಕ್ಕಿ ಇಟ್ಟು ಹೋದಳು. ಅವಳು ಮಾಡಿದ್ದು ಸರಿ. ನಾನು ಆಯ್ಕೆಯ ದಿನದ ಮಾತೆತ್ತಿ, ತಪ್ಪಾಯಿತು ಅಕ್ಕ ಎಂದೆ. ಅದಕ್ಕೆ ಆಕೆ, ಆ ದಿನದಿಂದ ಈಚೆಗೆ ತಾನು ಹೆಸರು ಎತ್ತಿಲ್ಲ ಎಂದಳು. ಬೇಡ ಅಂದವರು ಓದಿದವರು, ಇನ್ನು ಯಾರ ಮುಂದೆ ಎತ್ತುವುದು ಅನ್ನಿಸಿತಂತೆ. ಕುರಿಗಳೂ ಈಗ ಲಾರಿಯಲ್ಲಿ ಬಂದು ಇಳಿಯುತ್ತವೆ, ಧೂಳು ಕಾಣುವುದಕ್ಕೇ ಇಲ್ಲ.

ಮಂಜಕ್ಕನ ಮಗಳು, ಕಾಲೇಜು ಓದುವವಳು, ಒಳಗಿನಿಂದ ಪದ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ನಮ್ಮ ನಾಲ್ಕು ನಿಮಿಷದ ಪದ. ನಡುವೆ ನನ್ನ ಹಾರ್ಮೋನಿಯಂ ತುಂಡನ್ನೂ ಬಾಯಲ್ಲೇ ನುಡಿಸಿದಳು. ಕರಿಯಮ್ಮನ ಮೊಮ್ಮಗಳು ಕರಿಯಮ್ಮನ ಪದವನ್ನು ನನ್ನಿಂದ ಕಲಿತಿದ್ದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ನಾನು ಅದೇ ಹಳೆಯ ಪುಸ್ತಕ, ಪೆನ್ನು ತೆಗೆದು, ಅಕ್ಕ, ಆ ಒಂಬತ್ತು ಹೆಸರು ಹೇಳು, ಈಗಲಾದರೂ ಬರೆದುಕೊಳ್ಳುತ್ತೇನೆ ಎಂದೆ. ಆಕೆ ಕಣ್ಣು ಮುಚ್ಚಿ ಧಾಟಿ ಹಿಡಿದಳು. ಸಣ್ಣಮ್ಮ ಕೊಟ್ಟ ಪದ ಎಂದಳು. ಆಮೇಲೆ ಬೋರಕ್ಕ. ಕ್ಯಾತಮ್ಮ. ಚಿತ್ತಮ್ಮ. ಈರಕ್ಕ. ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ ಬಂದಳು, ಮತ್ತೆ ಈರಕ್ಕನ ಹತ್ತಿರವೇ ನಿಂತಳು. ಮಂಜಕ್ಕನನ್ನು ಕೂಗಿ ಕೇಳಿದೆವು. ಅವಳು ಕಲಿಯಲು ಕೂತಿದ್ದೇ ಆಯ್ಕೆಗೆ ಹೋಗುವ ಮುಂಚೆ ನಾಲ್ಕು ದಿನ, ಆಮೇಲೆ ಬಿಟ್ಟವಳು, ಮೊದಲ ಮೂರು ಹೆಸರಷ್ಟೇ ಗೊತ್ತಿತ್ತು. ಆದರೆ ಕರಿಯಮ್ಮ ಗಾಬರಿಯಾಗಲಿಲ್ಲ. ನನ್ನ ಮಂಡಿ ಮುಟ್ಟಿ ಸಮಾಧಾನವಾಗಿ ಹೇಳಿದಳು.

"ನಂಗ್ ಮರೆತ್ರೇನು, ನಿನ್ನ್ ಟೇಪಿನ್ ಪೆಟ್ಗೇಲಿ ಅವೆ ಬಿಡು. ಅವತ್ತು ಒಂಬತ್ತೂ ತುಂಬ್ಕಂಡ್ ಹೋದ್ಯಲ್ಲ. ಅದ್ಕೇ ನಾನು ಚಿಂತೆ ಮಾಡ್ಲಿಲ್ಲ. ಹಾಕಪ್ಪ, ಕೇಳಾಣ."

ಅಷ್ಟು ವರ್ಷ ಆಕೆ ನೆಮ್ಮದಿಯಾಗಿ ಮರೆತಿದ್ದಳು. ಚೀಟಿ ಕೊಡದಿದ್ದರೂ, ಪದ ನಮ್ಮದೆಂದು ನಾವು ಮೆರೆದರೂ, ಎಲ್ಲೋ ಒಂದು ಟೇಪಿನಲ್ಲಿ ತನ್ನವರ ಹೆಸರು ಭದ್ರವಾಗಿದೆ ಎಂದು ನಂಬಿದ್ದಳು. ನಾನು ಹೇಳಲೇಬೇಕಾಯಿತು. ಇಲ್ಲ ಅಕ್ಕ, ಆ ವಾರವೇ ಅಳಿಸಿಬಿಟ್ಟೆ, ಅದರ ಮೇಲೆ ಬೇರೆ ಊರಿನ ಪದ ತುಂಬಿದೆ ಎಂದೆ. ಪುಸ್ತಕದಲ್ಲಿ ಬರೆದುಕೊಂಡಿಲ್ಲವೇ ಎಂದು ಕೇಳಿದಳು. ಬರೆದುಕೊಂಡದ್ದನ್ನು ಓದಿ ಹೇಳಿದೆ: ಮೊದಲು ಒಂಬತ್ತು ಹೆಸರು, ಬೇಡ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೊಮ್ಮಗಳನ್ನು ಹೊರಗೆ ಕರೆದು, ನನ್ನ ಪಕ್ಕದಲ್ಲೇ ಕೂರಿಸಿ, ಇಬ್ಬರೂ ಕೇಳ್ರಿ ಎಂದಳು. ಮೊದಲಿನಿಂದ ಎತ್ತಿದಳು. ಸಣ್ಣಮ್ಮ, ಬೋರಕ್ಕ, ಕ್ಯಾತಮ್ಮ, ಚಿತ್ತಮ್ಮ, ಈರಕ್ಕ. ಅಲ್ಲಿ ನಿಲ್ಲಲಿಲ್ಲ. ಬಾಯಿ ಮುಚ್ಚಿ ಮೂಗಿನಲ್ಲೇ ಧಾಟಿಯನ್ನು ಮುಂದುವರಿಸಿದಳು. ಒಂದು ಸಾಲು, ಎರಡು, ಮೂರು, ನಾಲ್ಕು. ನಾಲ್ಕು ಹೆಂಗಸರಿಗೆ ನಾಲ್ಕು ಸಾಲು, ಒಂದಕ್ಷರ ಇಲ್ಲ. ಅದಾದ ಮೇಲೆ ಪದಕ್ಕೆ ಬಂದಳು.

ಈಗ ನನ್ನ ಹತ್ತಿರ ಬರುವವರಿಗೆ ಒಂದೇ ಕರಾರು. ಮೊದಲ ತಿಂಗಳು ಹಾಡಿಲ್ಲ, ಹೆಸರು ಮಾತ್ರ. ಬೇಜಾರಾದವರು ಎದ್ದು ಹೋಗಬಹುದು, ಫೋನು ಇದ್ದೇ ಇದೆ. ಉಳಿದವರು ಕರಿಯಮ್ಮನನ್ನು ಸೇರಿಸಿ ಆರು ಹೆಸರು ಹೇಳಬೇಕು, ನಾಲ್ಕು ಸಾಲು ಬಾಯಿ ಮುಚ್ಚಿ ಗುನುಗಬೇಕು. ಆ ಜಾಗಕ್ಕೆ ಬೇರೆ ಹೆಸರು ತುಂಬಬಾರದು, ಹಾರ್ಮೋನಿಯಂ ಅಂತೂ ಮುಟ್ಟಲೇಬಾರದು. ಅಧ್ಯಕ್ಷರು ಮೇಜು ಕುಟ್ಟಿದರೂ ನಾಲ್ಕೂ ಸಾಲು ಮುಗಿಯಬೇಕು. ಇಲ್ಲಿ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಯಾರಾದರೂ ಕೇಳಿದರೆ ಜನಪದ, ಕಾಲ, ಮರೆವು ಎಂದೆಲ್ಲ ನುಣುಚಿಕೊಳ್ಳಬೇಡಿ. ಅಳಿಸಿದವನಿಗೆ ಹೆಸರಿದೆ, ಅದನ್ನು ಹೇಳಿ. ಹೊಳಲ್ಕೆರೆ ಹಾರ್ಮೋನಿಯಂ ರುದ್ರಪ್ಪ.